ಮೀನಿನ ಜಾಗ ಪುಕ್ಕಟೆ, ಕಲ್ಲಿನ ಜಾಗಕ್ಕೆ ಕಾಸು

ಗಂಗೊಳ್ಳಿಯಲ್ಲಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಎಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿವೆ. ಮಾವ ಜಗಲಿಯಲ್ಲಿ ಬಲೆ ಹರಡಿಕೊಂಡು ಹರಿದ ಕಣ್ಣು ಹೆಣೆಯುತ್ತಿದ್ದರು. ನನ್ನ ಲ್ಯಾಪ್‌ಟಾಪ್ ನೋಡಿ, "ಇದ್ರಂಗೆ ಕಡ್ಲಿನ್ ಮ್ಯಾಪ್ ಹಾಕುಕ್ ಆತ್ತಾ ಮಾರಾಯಾ?" ಅಂತ ಕೇಳಿದರು.

ಅವರು ಕೇಳಿದ್ದಕ್ಕೆ ಕಾರಣ ಇದೆ. ಹೋದ ಸೀಸನ್ನಿನಲ್ಲಿ ಬೋಟಿಗೆ ಪ್ಲಾಟರ್, ಅಂದರೆ ಬೋಟ್ ಎಲ್ಲಿದೆ ಅಂತ ಕಡಲಿನ ಮ್ಯಾಪಿನ ಮೇಲೆ ತೋರಿಸುವ ಪರದೆ, ಹಾಕಿಸಿದ್ದರು. ಮಾರಿದವರು ಒಂದು ಚಾರ್ಟ್ ಕಾರ್ಡನ್ನೂ (ಕಡಲಿನ ಮ್ಯಾಪಿಗೆ ಚಾರ್ಟ್ ಅನ್ನುತ್ತಾರೆ) ಕೊಟ್ಟರು, ಇದರಲ್ಲಿ ಎಲ್ಲ ಉಂಟು ಅಂದರು. ಅದು ಯಾರೋ ಕಾಪಿ ಮಾಡಿದ ಹಳೆಯ ಕಾರ್ಡ್. ನಮ್ಮ ಅಳಿವೆ ಬಾಗಿಲಲ್ಲಿ ಕಟ್ಟಿರುವ ಬ್ರೇಕ್‌ವಾಟರ್ ಅದರಲ್ಲಿ ಇಲ್ಲವೇ ಇಲ್ಲ. ಕಲ್ಲಿನ ಗೋಡೆ ಇರುವಲ್ಲಿ ಬರೀ ನೀರು ತೋರಿಸುತ್ತದೆ. ಮಾವನಿಗೆ ಈ ಅಳಿವೆ ಅಂಗೈಯಷ್ಟು ಪರಿಚಯ. ಆದರೆ ರಾತ್ರಿ ಹೊತ್ತು, ಮಳೆಯಲ್ಲಿ, ಹೊರಗಿನ ಬೋಟೊಂದು ಆ ಪರದೆ ನಂಬಿಕೊಂಡು ಒಳಗೆ ಬಂದರೆ? ನೆನೆದರೆ ಎದೆ ಝಲ್ಲೆನ್ನುತ್ತದೆ.

ಅವತ್ತೇ ರಾತ್ರಿ ಓಪನ್‌ಸಿಪಿಎನ್ ಹಾಕಿಕೊಂಡೆ. ಬೋಟ್ ನಡೆಸುವವರಿಗಾಗಿ ಆಸಕ್ತರೇ ಸೇರಿ ಬರೆದ ಉಚಿತ ಸಾಫ್ಟ್‌ವೇರ್ ಇದು. ಯುಎಸ್‌ಬಿ ಜಿಪಿಎಸ್ ಸಿಕ್ಕಿಸಿದರೆ ನಾವಿರುವ ಜಾಗ ಪರದೆಯ ಮೇಲೆ ಬರುತ್ತದೆ. ಆದರೆ ಸಾಫ್ಟ್‌ವೇರ್ ಬರೀ ಖಾಲಿ ತಟ್ಟೆ. ಅದರ ಜೊತೆ ಬರುವುದು ದಡದ ಒರಟು ಗೆರೆ ಮಾತ್ರ. ಆಳ ಇಲ್ಲ, ಕಲ್ಲಿಲ್ಲ, ದೀಪಸ್ತಂಭ ಇಲ್ಲ. ಚಾರ್ಟನ್ನು ನಾವೇ ತಂದು ಬಡಿಸಿಕೊಳ್ಳಬೇಕು.

ಕೆಲಸ ಮಾಡುತ್ತದೋ ನೋಡೋಣ ಅಂತ ಅಮೆರಿಕದ ಚಾರ್ಟ್ ಇಳಿಸಿದೆ. ಅಲ್ಲಿನ ಸರ್ಕಾರಿ ಸಂಸ್ಥೆ ನೋವಾ ತನ್ನ ಕರಾವಳಿಯ ಎಲ್ಲ ಎಲೆಕ್ಟ್ರಾನಿಕ್ ಚಾರ್ಟುಗಳನ್ನು ಪುಕ್ಕಟೆ ಇಟ್ಟಿದೆ. ಅದಕ್ಕೆ ಹೆಸರು ಬರೆಸಬೇಕಾಗಿಲ್ಲ, ಕಾಸೂ ಬೇಡ. ಕೆಲವೇ ನಿಮಿಷದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ತೆರೆದುಕೊಂಡಿತು. ದಾರಿ ತೋರಿಸಲು ತೇಲಿಬಿಟ್ಟ ಒಂದೊಂದು ಬೋಯ್, ಒಂದೊಂದು ಬಂಡೆ, ಮುಳುಗಿದ ಹಡಗುಗಳು ಕೂಡ. ಆಳದ ಲೆಕ್ಕವನ್ನು ಮೀಟರಿನಿಂದ ಫ್ಯಾದಮ್‌ಗೆ, ಅಂದರೆ ನಮ್ಮ ಮಾರಿನ ಲೆಕ್ಕಕ್ಕೆ, ಬದಲಾಯಿಸಿದೆ. ಮಾವ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದರು. ಗೋಲ್ಡನ್ ಗೇಟ್ ಸೇತುವೆಯ ಕೆಳಗೆ 50 ಮಾರಿಗೂ ಜಾಸ್ತಿ ಆಳ! ನಮ್ಮಲ್ಲಿ ಅಷ್ಟು ಆಳ ಸಿಗಬೇಕಾದರೆ ದಡ ಕಾಣದಷ್ಟು ದೂರ ಗಂಟೆಗಟ್ಟಲೆ ಬೋಟ್ ಓಡಿಸಬೇಕು. ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಹಂಗಾರೆ ನಮ್ದ್ ಎಲ್ಲಿತ್?"

ಗಂಗೊಳ್ಳಿಗೆ ಬಂದರೆ ಅದೇ ಒರಟು ಗೆರೆ. ಐದು ನದಿಗಳು ಕಡಲು ಸೇರುವ ಜಾಗ. ಅಲ್ಲೊಂದು ಅಂಕಿಯೂ ಇಲ್ಲ.

ನಮ್ಮಲ್ಲಿ ಚಾರ್ಟ್ ಮಾಡುವವರೇ ಇಲ್ಲ ಅಂತಲ್ಲ. ಡೆಹ್ರಾಡೂನಿನಲ್ಲಿ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ ಇದೆ. ನೌಕಾಪಡೆಯ ಸರ್ವೆ ಹಡಗುಗಳು ಕಡಲನ್ನು ಅಳೆಯುತ್ತವೆ. 2024ರ ಫೆಬ್ರವರಿಯಲ್ಲಿ ಐಎನ್‌ಎಸ್ ಸಂಧಾಯಕ್ ಅನ್ನುವ ಹೊಸ ಸರ್ವೆ ಹಡಗು ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿತು. ನಿಜಕ್ಕೂ ಹೆಮ್ಮೆಯ ಕೆಲಸ. ಆದರೆ ಚಾರ್ಟ್ ಕೈಗೆ ಬರುವ ದಾರಿ ದೊಡ್ಡ ಹಡಗಿನವರಿಗಾಗಿ ಮಾಡಿದ್ದು. ಫೈಲಿಗೆ ಬೀಗ ಹಾಕಿರುತ್ತಾರೆ. ಚಾರ್ಟಿನ ಒಂದೊಂದು ತುಂಡಿಗೆ ಬೇರೆ ಬೇರೆ ಕೀಲಿ, ಅದು ನಮ್ಮ ಯಂತ್ರಕ್ಕೆ ಮಾತ್ರ, ಅದೂ ಇಂತಿಷ್ಟು ತಿಂಗಳಿಗೆ. ಸಾವಿರಾರು ಕಂಟೇನರ್ ಹೊರುವ ಹಡಗಿಗೆ ಇದೊಂದು ಖರ್ಚೇ ಅಲ್ಲ. ಡೀಸೆಲ್, ಐಸು, ಕೆಲಸದವರ ಪಾಲು ಅಂತ ಲೆಕ್ಕ ಹಾಕುವ ಬೋಟಿನವನು ಎಲ್ಲಿಗೆ ಹೋಗಬೇಕು? ಅವನು ಕಾಪಿ ಕಾರ್ಡಿಗೇ ಹೋಗುತ್ತಾನೆ. ನಾನು ಅವನನ್ನು ಕಳ್ಳ ಅನ್ನಲಾರೆ.

ಚಾರ್ಟ್ ಪುಕ್ಕಟೆ ಕೊಡಿ ಅಂದರೆ, ಇದು ಭದ್ರತೆ ವಿಷಯ, ಕಾರವಾರದಲ್ಲಿ ನೌಕಾನೆಲೆ ಇದೆ ಅಂತ ಕೆಲವರು ಹೇಳುತ್ತಾರೆ. ನಾನೂ ಯೋಚನೆ ಮಾಡಿದೆ. ನಾರ್ಫೋಕ್, ಸ್ಯಾನ್ ಡಿಯಾಗೋ ಅಮೆರಿಕದ ದೊಡ್ಡ ದೊಡ್ಡ ನೌಕಾನೆಲೆಗಳು. ಅವುಗಳ ಸುತ್ತಲಿನ ನೀರಿನ ಚಾರ್ಟೂ ಪುಕ್ಕಟೆಯೇ ಇದೆ. ಮೇಲಾಗಿ ನಮ್ಮ ಚಾರ್ಟ್ ಗುಟ್ಟಿನದ್ದೇನಲ್ಲ. ಕಾಸು ಕೊಟ್ಟರೆ ವಿದೇಶಿ ಹಡಗಿಗೂ ಸಿಗುತ್ತದೆ. ಹಾಗಾದರೆ ಸಿಗದೆ ಉಳಿಯುವುದು ಯಾರಿಗೆ, ನಮ್ಮ ಮನೆಯವರಿಗೇ ಅಲ್ವಾ?

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದ ಮಾಹಿತಿ ನೋಡಿ, ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿ, ಎಷ್ಟು ಆಳದ ನೀರಿನಲ್ಲಿ ಮೀನು ಸಿಗಬಹುದು ಅಂತ ಬೋಟಿನವರಿಗೆ ಪುಕ್ಕಟೆ ತಿಳಿಸುತ್ತದೆ. ಎಷ್ಟೋ ಜನಕ್ಕೆ ಅದರಿಂದ ಡೀಸೆಲ್ ಉಳಿದಿದೆ. ಮೀನಿನ ಜಾಗ ಹೇಳಬಹುದಾದರೆ ಕಲ್ಲಿನ ಜಾಗ ಯಾಕೆ ಹೇಳಬಾರದು? ಇಡೀ ಹಿಂದೂ ಮಹಾಸಾಗರ ಕೊಡಿ ಅಂತ ನಾನು ಕೇಳುತ್ತಿಲ್ಲ. ಕಾರವಾರ, ತದಡಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ, ಮಂಗಳೂರು. ಈ ಬಂದರುಗಳ ಬಾಗಿಲನ್ನು ಹತ್ತಿರದಿಂದ ತೋರಿಸುವ ದೊಡ್ಡ ಸ್ಕೇಲಿನ ಚಾರ್ಟುಗಳನ್ನಾದರೂ ಬೀಗ ತೆಗೆದು ಕೊಡಲಿ.

ಅಲ್ಲಿಯವರೆಗೆ ಏನು ಮಾಡೋದು? ಕೊಳ್ಳುವುದಾದರೆ ಇಡೀ ಪ್ಯಾಕೇಜಿಗೆ ಹೋಗಬೇಡಿ. ನೀವು ನಿಜವಾಗಿ ಓಡಾಡುವ ಜಾಗದ ತುಂಡುಗಳನ್ನು ಮಾತ್ರ ಅಧಿಕೃತ ಮಾರಾಟಗಾರರ ಹತ್ತಿರ ಕೇಳಿ. ನಾವಿಯಾನಿಕ್ಸ್ ತರಹದ ಮೊಬೈಲ್ ಆ್ಯಪುಗಳು ವರ್ಷದ ಚಂದಾಕ್ಕೆ ಸಿಗುತ್ತವೆ. ಕಾಸು ಕಟ್ಟುವ ಮೊದಲು ನಿಮ್ಮ ಅಳಿವೆಯನ್ನೇ ಜೂಮ್ ಮಾಡಿ ನೋಡಿ. ನಿಮಗೆ ಗೊತ್ತಿರುವ ಒಂದು ಕಲ್ಲು, ಒಂದು ಗೋಡೆ ಅದರಲ್ಲಿ ಇದೆಯಾ? ಇಲ್ಲದಿದ್ದರೆ ಬೇಡ.

ಜೂಮ್ ವಿಷಯ ಸುಮ್ನೆ ಹೇಳಿದ್ದಲ್ಲ. 2014ರ ನವೆಂಬರಿನಲ್ಲಿ ವೋಲ್ವೋ ಓಷನ್ ರೇಸಿನ ವೆಸ್ಟಾಸ್ ವಿಂಡ್ ಅನ್ನುವ ಹಾಯಿದೋಣಿ ಮಾರಿಷಸ್ಸಿನ ಈಶಾನ್ಯದಲ್ಲಿರುವ ಹವಳದ ದಿಬ್ಬಕ್ಕೆ ರಾತ್ರಿ ಹೊತ್ತು ನುಗ್ಗಿತು. ಬೋಟಿನಲ್ಲಿ ಒಳ್ಳೆಯ ಚಾರ್ಟೇ ಇತ್ತು. ಆದರೆ ಸಾಕಷ್ಟು ಹತ್ತಿರ ಮಾಡಿ ನೋಡದಿದ್ದರೆ ಆ ದಿಬ್ಬದ ಅಪಾಯ ಪರದೆಯಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಪುಣ್ಯಕ್ಕೆ 9 ಜನವೂ ಬದುಕಿದರು.

ಇನ್ನೊಂದು, ಅಳಿವೆಯ ಮರಳಿನ ದಿಬ್ಬ ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತದೆ. ಅದನ್ನು ಯಾವ ಚಾರ್ಟೂ ಹಿಡಿದಿಡಲಾರದು. ಅಲ್ಲಿ ಸದ್ದಿನಿಂದ ಆಳ ಅಳೆಯುವ ಎಕೋ ಸೌಂಡರ್ ಮತ್ತು ಬೋಟ್ ನಡೆಸುವ ತಾಂಡೇಲನ ಕಣ್ಣೇ ಗತಿ.

ತಾಂಡೇಲ ಅಂದೆನಲ್ಲ, ಮಾವನ ಬೋಟಿನ ತಾಂಡೇಲರ ಹತ್ತಿರ ಒಂದು ಪುಸ್ತಕ ಇದೆ. ಶಾಲೆ ಮಕ್ಕಳ ಉದ್ದನೆಯ ನೋಟ್ ಪುಸ್ತಕ. ಉಪ್ಪುನೀರು ತಾಗಿ ಹಾಳೆ ಅಪ್ಪಳದ ಹಾಗೆ ಉಬ್ಬಿದೆ. ಬಲೆ ಸಿಕ್ಕಿ ಹರಿದ ಜಾಗ, ಮುಳುಗಿದ ಬೋಟಿನ ಜಾಗ, ಕಲ್ಲಿನ ಜಾಗ, ಎಲ್ಲದರ ಅಕ್ಷಾಂಶ ರೇಖಾಂಶವನ್ನು ವರ್ಷಗಟ್ಟಲೆ ಬಾಲ್‌ಪೆನ್ನಿನಲ್ಲಿ ಬರೆದಿದ್ದಾರೆ. ಕೆಲವು ಕಡೆ ಪಕ್ಕದಲ್ಲಿ 'ದೊಡ್ಡ ಬಲೆ ಹೋಯ್ತು' ಅಂತ ಮಾತ್ರ ಇದೆ. ಮೂರು ಸಂಜೆ ಕೂತು, ಅವರು ಓದಿದ ಹಾಗೆ ನಾನು ಒಂದೊಂದೇ ಗುರುತನ್ನು ಓಪನ್‌ಸಿಪಿಎನ್ನಿನಲ್ಲಿ ಹಾಕಿದೆ. ಒರಟು ಗೆರೆಯ ಆಚೆಗಿದ್ದ ಖಾಲಿ ನೀರಿನಲ್ಲಿ ಈಗ ನಮ್ಮವರ ಗುರುತುಗಳಿವೆ. ಇದು ಚಾರ್ಟಿಗೆ ಬದಲಿಯಲ್ಲ. ಆದರೆ ಆ ಕಾಪಿ ಕಾರ್ಡಿನ ಸುಳ್ಳಿಗಿಂತ ಎಷ್ಟೋ ಮೇಲು.

ಜುಲೈ 31ರವರೆಗೆ ಊರಲ್ಲೇ ಇರುತ್ತೇನೆ. ನಿಮ್ಮ ಬೋಟಿನಲ್ಲೂ ಇಂಥ ಪುಸ್ತಕ ಇದ್ದರೆ ಸಂಜೆ ಹೊತ್ತು ತನ್ನಿ, ಕೂತು ಹಾಕಿಕೊಡುತ್ತೇನೆ. ಗುರುತಿನ ಫೈಲು ನಿಮ್ಮ ಪೆನ್‌ಡ್ರೈವಿಗೆ ಮಾತ್ರ ಹೋಗುತ್ತದೆ, ಬೇರೆ ಯಾರಿಗೂ ಕೊಡುವುದಿಲ್ಲ. ಬೋಟಿನವರಿಗೆ ಇದು ಎಷ್ಟು ಮುಖ್ಯ ಅಂತ ನನಗೆ ಗೊತ್ತು.