ಕಕ್ಕಡದಲ್ಲಿ ಕ್ಯಾಮೆರಾ

ಕೊಡಗಿನಲ್ಲಿ ಫೋಟೋ ತೆಗೆಯುವುದು ಅಂಥ ಕಷ್ಟವೇನಲ್ಲ. ಎತ್ತ ತಿರುಗಿದರೂ ಬೆಟ್ಟ, ಕಾಫಿ ತೋಟ, ಮಂಜು. ಕಷ್ಟ ಇರುವುದು ಕ್ಯಾಮೆರಾ ಸಾಕುವುದರಲ್ಲಿ. ಅದೂ ಕಕ್ಕಡ ತಿಂಗಳಲ್ಲಿ.

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಕಡೆ ಮದುವೆ ಇಲ್ಲ, ಶುಭಕಾರ್ಯ ಇಲ್ಲ. ಫೋಟೋಗ್ರಾಫರಿಗೆ ರಜೆ, ಫಂಗಸ್‌ಗೆ ಸೀಸನ್. ಮುಚ್ಚಿಟ್ಟ ಬ್ಯಾಗು, ಕತ್ತಲೆ, ತೇವ ಸಿಕ್ಕರೆ ಸಾಕು, ಲೆನ್ಸ್ ಒಳಗೆ ಎಳೆ ಎಳೆಯಾಗಿ ಹಬ್ಬಿಬಿಡುತ್ತದೆ. ಹಾಗೇ ಬಿಟ್ಟರೆ ಗಾಜಿನ ಮೇಲಿನ ಕೋಟಿಂಗನ್ನೂ ತಿನ್ನುತ್ತದೆ. ಚಪ್ಪಲಿ, ಬೆಲ್ಟಿಗೆ ಬೂಷ್ಟು ಬಂದರೆ ಒರೆಸಿ ಹಾಕಿಕೊಳ್ಳಬಹುದು. ಲೆನ್ಸಾದರೆ ಬಿಚ್ಚಿಸಲು ಬೆಂಗಳೂರಿಗೇ ಕಳಿಸಬೇಕು.

ಅಂಥ ಹೊತ್ತಲ್ಲಿ ಬೆಂಗಳೂರಿನ ಜೋಡಿಯೊಂದರಿಂದ ಫೋನ್. ಮಾಂದಲಪಟ್ಟಿ ಬೆಟ್ಟದ ಮೇಲೆ ಪ್ರೀ ವೆಡ್ಡಿಂಗ್ ಶೂಟ್ ಬೇಕಂತೆ. ‘ಸರ್, ಮಂಜು ಸಿಗುತ್ತಲ್ವಾ?’ ಮಂಜು ಸಿಗುತ್ತೆ, ಅದರಲ್ಲಿ ನೀವು ಸಿಗ್ತೀರೋ ಇಲ್ವೋ ಗೊತ್ತಿಲ್ಲ ಅನ್ನಬೇಕೆನಿಸಿತು. ಅಡ್ವಾನ್ಸ್ ಬಂದಾಗಿತ್ತು, ಸುಮ್ಮನಾದೆ.

ಹಿಂದಿನ ಸಂಜೆ ಲೆನ್ಸ್‌ಗಳನ್ನು ಒಂದೊಂದಾಗಿ ತೆಗೆದು, ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಒಂದರ ಅಂಚಿನಲ್ಲಿ ಕೂದಲಿಗಿಂತ ಸಣ್ಣ ಎಳೆ. ಹಬ್ಬಿದರೆ ಫಂಗಸ್, ಹಬ್ಬದಿದ್ದರೆ ಧೂಳು ಎಂದು ತೀರ್ಪು ಕೊಟ್ಟು ಮುಚ್ಚಳ ಹಾಕಿದೆ. ಲೆನ್ಸ್ ಇಡುವ ಡಬ್ಬಿಯೊಳಗಿನ ತೇವ 40ರಿಂದ 50 ಪರ್ಸೆಂಟ್ ಇದ್ದರೆ ಒಳ್ಳೆಯದು. ನಮ್ಮ ಮೀಟರ್ 78 ತೋರಿಸುತ್ತಿತ್ತು. ತೇವ ಹೀರಲೆಂದು ಅದರಲ್ಲಿಟ್ಟ ಕೇಸರಿ ಬಣ್ಣದ ಸಿಲಿಕಾ ಜೆಲ್ ಮಣಿಗಳೆಲ್ಲ ಹಸಿರಾಗಿದ್ದವು. ಅಂದರೆ ಕುಡಿದು ಕುಡಿದು ಹೊಟ್ಟೆ ತುಂಬಿದೆ, ಇನ್ನು ಬಿಸಿ ಮಾಡಿ ಒಣಗಿಸಬೇಕು.

‘ರೀ, ದೋಸೆ ಕಾವಲಿ ಮುಟ್ಟಿದ್ರೆ ನೋಡಿ!’ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ತಡೆದಳು. ನೀಲಿ ಮಣಿಯಲ್ಲಿ ಕೋಬಾಲ್ಟ್ ಇರುತ್ತೆ, ಅದು ವಿಷ, ನಮ್ಮದು ಕೇಸರಿ ಕಣೇ ಎಂದು ವಿವರಿಸಿದೆ. ವಿಷ ಅನ್ನುವ ಮಾತಷ್ಟೇ ಅವಳ ಕಿವಿಗೆ ಬಿತ್ತು. ಕೊನೆಗೆ ಬಿಸ್ಕೆಟ್ ಡಬ್ಬಿಯ ಹಳೇ ಮುಚ್ಚಳ ಸಿಕ್ಕಿತು, ಮಣಿ ಬಿಸಿ ಮಾಡುವುದು ಮಾತ್ರ ಹಿತ್ತಿಲ ಸೌದೆ ಒಲೆಯಲ್ಲಿ.

ಅಲ್ಲಿ ಅಮ್ಮ ಕೂತಿದ್ದರು. ‘ಇಷ್ಟೆಲ್ಲಾ ಯಾಕೆ ಮಗಾ? ಕ್ಯಾಮೆರಾನ ಒಲೆ ಮೇಲಿನ ಅಟ್ಟದಲ್ಲಿಡು. ಕರಿಮೆಣಸಿಗೆ ಯಾವತ್ತಾದ್ರೂ ಬೂಷ್ಟು ಬಂದಿದ್ಯಾ?’ ಬಂದಿಲ್ಲ ನಿಜ. ಆದರೆ ಮೆಣಸಿಗೆ ಹೊಗೆ ಹತ್ತಿದರೆ ಯಾರೂ ದೂರುವುದಿಲ್ಲ.

ಬ್ಯಾಟರಿ ಚಾರ್ಜಿಗಿಟ್ಟ ಕೂಡಲೇ ಎಲ್ಲೋ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯಿತು. ಇನ್ವರ್ಟರ್ ಲೈನ್ ಇರುವ ಪ್ಲಗ್ ಪಾಯಿಂಟ್ ಮನೆಯಲ್ಲಿ ಒಂದೇ, ಅದು ಟಿವಿ ಹಿಂದೆ. ಟಿವಿಯಲ್ಲಿ ಅಮ್ಮನ ಸೀರಿಯಲ್. ಸೊಸೆ ಇನ್ನೇನು ಸತ್ಯ ಹೇಳಬೇಕು, ಅಷ್ಟರಲ್ಲಿ ಪ್ಲಗ್ ಕೀಳುವ ಧೈರ್ಯ ಯಾರಿಗಿದೆ? ಅವಳು ಹೇಳಲೂ ಇಲ್ಲ ಅನ್ನಿ. ನಾಳೆಗೆ ಮುಂದೂಡಿದಳು. ಆಮೇಲೆ ಬ್ಯಾಟರಿಗೆ ಸರದಿ ಬಂತು.

ಬೆಳಿಗ್ಗೆ ಎಲ್ಲ ತಯಾರು. ಮಳೆಗೆ ಕ್ಯಾಮೆರಾಕ್ಕೆ ಶವರ್ ಕ್ಯಾಪ್. ದುಬಾರಿ ರೈನ್ ಕವರ್‌ಗಿಂತ ಇದೇ ವಾಸಿ, ಹೋಂಸ್ಟೇ ನಡೆಸುವ ನೆಂಟರಿದ್ದರೆ ಪುಕ್ಕಟೆ. ಜಿಗಣೆಗೆ ಇರಲಿ ಅಂತ ಅಮ್ಮ ಬ್ಯಾಗಿನ ಜೇಬಿಗೆ ಉಪ್ಪಿನ ಪೊಟ್ಟಣ ತುರುಕಿದ್ದರು. ರಾತ್ರಿಯಿಡೀ ಒಣಗಿಸಿದ ಸಿಲಿಕಾ ಜೆಲ್ ಪಕ್ಕದಲ್ಲೇ ಅದು ಆಗಲೇ ನೀರೊಡೆದಿತ್ತು.

ಜೀಪಿನಲ್ಲಿ ಮೈ ಕೈ ಕುಲುಕಿಸಿಕೊಂಡು ಮಾಂದಲಪಟ್ಟಿ ಹತ್ತಿದೆವು. ಮಂಜೋ ಮಂಜು. ಆಟೋಫೋಕಸ್‌ಗೆ ಹಿಡಿಯಲು ಒಂದು ಗೆರೆಯೂ ಇಲ್ಲ. ಲೆನ್ಸ್ ಸುಮ್ನೆ ಕುಂಯ್ ಕುಂಯ್ ಅಂತ ಹಿಂದೆ ಮುಂದೆ ಓಡುತ್ತಿತ್ತು. ಮ್ಯಾನುವಲ್‌ಗೆ ಹಾಕಿ, ಹುಡುಗಿಯ ಕೆಂಪು ಸೀರೆಯನ್ನೇ ಗುರಿ ಹಿಡಿದು ಫೋಕಸ್ ಮಾಡಿದೆ. ಹುಡುಗ ಬಿಳಿ ಶರ್ಟ್ ಹಾಕಿಕೊಂಡು ಬಂದಿದ್ದ. ಅವನು ಎಲ್ಲಿ ನಿಂತಿದ್ದಾನೆಂದು ಆಗಾಗ ಕೂಗಿ ಕೇಳಬೇಕಾಗುತ್ತಿತ್ತು.

ಅಷ್ಟರಲ್ಲಿ ಹನಿ ಶುರುವಾಯಿತು. ಬ್ಯಾಗಿನಿಂದ ಶವರ್ ಕ್ಯಾಪ್ ತೆಗೆದೆ. ಇನ್ನೇನು ಕ್ಯಾಮೆರಾಕ್ಕೆ ತೊಡಿಸಬೇಕು, ಹುಡುಗಿ ಓಡಿ ಬಂದಳು.

‘ಅಯ್ಯೋ ಥ್ಯಾಂಕ್ಸ್ ಸರ್, ಹೇರ್‌ಸ್ಟೈಲ್‌ಗೇ ಮೂರು ಸಾವಿರ ಕೊಟ್ಟಿದ್ದೀನಿ’ ಎಂದು ಇಸಿದುಕೊಂಡು ತಲೆಗೆ ಹಾಕಿಕೊಂಡೇಬಿಟ್ಟಳು.