ಹೊರೋರಿಲ್ಲದ ಪಲ್ಲಕ್ಕಿ

ನೆಲಕ್ಕೆ ಬಿದ್ದು ಹತ್ತು ಸೆಕೆಂಡ್ ಆಗಿತ್ತು. ಪೂರ್ತಿ ಸತ್ತಿರಲಿಲ್ಲ. ಯಾರಾದರೂ ಬಂದು ಒಂದು ಇಂಜೆಕ್ಷನ್ ಚುಚ್ಚಿದರೆ ಎದ್ದು ಓಡುವಷ್ಟು ಜೀವ ಉಳಿದಿತ್ತು. ನಮ್ಮ ಸ್ಕ್ವಾಡಿನವನೇ ಒಬ್ಬ ಓಡಿ ಬಂದ. ಪಕ್ಕದಲ್ಲೇ ಮಂಡಿ ಊರಿದ. ಅಬ್ಬಾ, ಬದುಕಿದೆ ಅಂದುಕೊಂಡೆ. ಅವನು ನನ್ನ ಕಡೆ ತಿರುಗಿಯೂ ನೋಡದೆ ಸ್ನೈಪರ್ ಎತ್ತಿ ದೂರದ ಗುಡ್ಡಕ್ಕೆ ಗುರಿ ಇಟ್ಟ. ಬಂದೂಕಿಗೆ ಕಟ್ಟಿದ್ದ ಪುಟಾಣಿ ಗೊಂಬೆ ನನ್ನ ಮೂಗಿನ ಮೇಲೆ ತೂಗಾಡುತ್ತಿತ್ತು.

ಅವನದೇನೂ ತಪ್ಪಿಲ್ಲ ಬಿಡಿ. ಆ ಶೂಟಿಂಗ್ ವೀಡಿಯೊ ಗೇಮಿನಲ್ಲಿ ಮೆಡಿಕ್ ಅನ್ನೋ ಕ್ಲಾಸೇ, ಅಂದರೆ ಬಿದ್ದವರಿಗೆ ಮದ್ದು ಹಾಕೋದೇ ಕೆಲಸವಾದ ಪಾತ್ರವೇ, ಇರಲಿಲ್ಲ. ಇದ್ದದ್ದು ಸ್ವಾತಂತ್ರ್ಯ. ಬಂದೂಕು, ಗ್ಯಾಜೆಟ್, ಮುಖ, ಹುಬ್ಬು, ಗೆದ್ದಾಗ ಕುಣಿಯುವ ಕುಣಿತ, ಎಲ್ಲವೂ ನಿಮ್ಮಿಷ್ಟ. ಮದ್ದಿನ ಪೆಟ್ಟಿಗೆಯೂ ಇತ್ತು, ಬೇಕಾದವರು ಇಟ್ಟುಕೊಳ್ಳಬಹುದು. ಅದೇ ಜಾಗದಲ್ಲಿ ಗ್ರೆನೇಡ್ ಲಾಂಚರ್ ಕೂಡ ಇಟ್ಟುಕೊಳ್ಳಬಹುದು ಅಂದಮೇಲೆ ಪೆಟ್ಟಿಗೆ ಹೊರೋಕೆ ಯಾರಿಗೆ ಹುಚ್ಚು? ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರೋರು ಯಾರು ಅಂತ ಹಿಂದಿನವರು ಸುಮ್ನೆ ಕೇಳಿರಲಿಲ್ಲ.

ಮೊದಲೆಲ್ಲ ಆಟಗಾರರಿಗೆ ಇಷ್ಟೊಂದು ಭಾಗ್ಯ ಇರಲಿಲ್ಲ. 2002ರ ಬ್ಯಾಟಲ್‌ಫೀಲ್ಡ್ 1942ರಲ್ಲಿ ಐದೇ ಕ್ಲಾಸ್. ಮೆಡಿಕ್ ಆದರೆ ಗಾಯ ವಾಸಿ ಮಾಡು, ಇಂಜಿನಿಯರ್ ಆದರೆ ಟ್ಯಾಂಕ್ ರಿಪೇರಿ ಮಾಡು. 2007ರ ಅಕ್ಟೋಬರ್‌ನಲ್ಲಿ ಬಂದ ಟೀಮ್ ಫೋರ್ಟ್ರೆಸ್ 2ರಲ್ಲಿ ಒಂಬತ್ತು ಜನ. ಮೈಕಟ್ಟಿನ ಆಕಾರ ನೋಡಿದರೇ ಯಾರು ಅಂತ ಗೊತ್ತಾಗಬೇಕು ಅಂತ ಹಟ ಹಿಡಿದು ರೂಪಿಸಿದ ಪಾತ್ರಗಳು ಅವು. ದಢೂತಿ ಹೆವಿ ಕಂಡರೆ ಗೋಡೆ ಹಿಂದೆ ಅವಿತುಕೋ. ಅವನ ಬೆನ್ನ ಹಿಂದೆ ಮೆಡಿಕ್ ಕಂಡರೆ ಮೊದಲು ಮೆಡಿಕ್‌ಗೆ ಹೊಡಿ. ಎಂಥ ದಬ್ಬಾಳಿಕೆ ನೋಡಿ! ಒಬ್ಬನಿಗೆ ಒಂದು ಕೆಲಸ, ಅದೂ ಬೇರೆಯವರಿಗೆ ಉಪಯೋಗ ಆಗುವ ಕೆಲಸ.

ಮುಂದಿನ ತಿಂಗಳೇ ಕಾಲ್ ಆಫ್ ಡ್ಯೂಟಿ 4 ಬಂದು, ಕ್ಲಾಸನ್ನು ನೀವೇ ಕಟ್ಟಿಕೊಳ್ಳಿ ಎಂದಿತು. ಅದೇ ಸರಣಿಯ 2012ರ ಬ್ಲ್ಯಾಕ್ ಆಪ್ಸ್ 2 ಹತ್ತು ಪಾಯಿಂಟ್ ಕೈಗಿಟ್ಟು, ಹೇಗೆ ಬೇಕಾದರೂ ಖರ್ಚು ಮಾಡಿ ಎಂದಿತು. ಅಲ್ಲಿ ಅದು ಒಪ್ಪುತ್ತಿತ್ತು ಕೂಡ. ಓಡೋದು, ಹೊಡೆಯೋದು, ಸಾಯೋದು, ಮತ್ತೆ ಹುಟ್ಟೋದು, ಇಷ್ಟೇ ಕೆಲಸ. ರಿಪೇರಿ ಮಾಡಬೇಕಾದ ಟ್ಯಾಂಕೂ ಇಲ್ಲ, ಎತ್ತಿ ಕೂರಿಸಬೇಕಾದ ಗೆಳೆಯನೂ ಇಲ್ಲ.

ಟ್ಯಾಂಕ್ ಇರುವ ಕಡೆಗೂ ಈ ಸ್ವಾತಂತ್ರ್ಯ ಬರಲಿ ಅಂತ ಯಾರಿಗೋ ಹೊಳೆದದ್ದು ಆಮೇಲೆ. 2021ರ ನವೆಂಬರ್‌ನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 2042ರಲ್ಲಿ ಒಂದೇ ಮೈದಾನಕ್ಕೆ 128 ಜನ. ಹಳೇ ಕ್ಲಾಸ್‌ಗಳನ್ನು ಕಿತ್ತುಹಾಕಿ ಹತ್ತು ‘ಸ್ಪೆಷಲಿಸ್ಟ್’ಗಳನ್ನು ಕೊಟ್ಟರು. ಯಾರು ಬೇಕಾದರೂ ಯಾವ ಬಂದೂಕು ಬೇಕಾದರೂ ಹಿಡಿಯಬಹುದು. ಎಲ್ಲವನ್ನೂ ಮಾಡುವವನಿಗೆ ಸ್ಪೆಷಲಿಸ್ಟ್ ಅಂತ ಹೆಸರಿಡಲು ಧೈರ್ಯ ಬೇಕು, ಮೆಚ್ಚಬೇಕಾದ್ದೇ. ಆ ಹತ್ತೇ ಮುಖಗಳು ಎರಡೂ ಸೈನ್ಯದಲ್ಲಿ! ಎದುರಿಗೆ ಬಂದವನಿಗೆ ನಿಮ್ಮದೇ ಮುಖ, ಕೈಯಲ್ಲಿ ನಿಮ್ಮದೇ ಬಂದೂಕು. ನಮ್ಮವನೋ, ವೈರಿಯೋ? ತಲೆ ಮೇಲಿನ ಗುರುತು ಹುಡುಕಬೇಕು. ಹುಡುಕುವಷ್ಟರಲ್ಲಿ ಕನ್ನಡಿ ಗುಂಡು ಹಾರಿಸಿರುತ್ತದೆ.

ಇದರ ಹಿಂದಿನ ಲೆಕ್ಕ ಕಷ್ಟದ್ದೇನಲ್ಲ. ಮೆಡಿಕ್‌ನ ಕೆಲಸವನ್ನು ಮಾರೋಕಾಗಲ್ಲ, ಮುಖ ಮಾರಬಹುದು. ಟೀಮ್ ಫೋರ್ಟ್ರೆಸ್ 2 ಕೂಡ 2009ರಲ್ಲಿ ಆಟಗಾರರಿಗೆ ಟೋಪಿ ಹಾಕಲು ಶುರು ಮಾಡಿತು. ಮೋಸದ ಟೋಪಿ ಅಲ್ಲ, ತಲೆಗೆ ಹಾಕುವ ಟೋಪಿಯೇ. ಮರುವರ್ಷ ಅಂಗಡಿಯನ್ನೂ ತೆರೆಯಿತು. 2022ರಲ್ಲಿ ಕಾಲ್ ಆಫ್ ಡ್ಯೂಟಿಗೆ ರ‍್ಯಾಪ್ ಹಾಡುಗಾರ ಸ್ನೂಪ್ ಡಾಗ್ ಬಂದ, ಮೆಸ್ಸಿಯೂ ಬಂದ. ಯುದ್ಧಭೂಮಿಗೆ ಇನ್ನು ಬರಬೇಕಾದವರು ಸೈನಿಕರು ಮಾತ್ರ.

ನನ್ನ ಕಥೆಗೆ ಬರ್ತೀನಿ. ಆ ಮ್ಯಾಚಿಗೆ ಮೊದಲು ನಾನೂ ಮುಕ್ಕಾಲು ಗಂಟೆ ಬಂದೂಕು, ಸಾಮಾನು ಆರಿಸುವ ಲೋಡ್‌ಔಟ್ ಮೆನುವಿನಲ್ಲಿ ಕೂತಿದ್ದೆ. ಒಂದು ಬ್ಯಾರೆಲ್ ಹಾಕಿದರೆ ಗುಂಡು ಚೂರು ದೂರ ಹೋಗುತ್ತದೆ, ಬಂದೂಕು ಚೂರು ನಿಧಾನ ಏಳುತ್ತದೆ. ಇನ್ನೊಂದಕ್ಕೆ ಉಲ್ಟಾ. ಹಸಿರು ಪಟ್ಟಿ ಉದ್ದವಾದರೆ ಖುಷಿ, ಕೆಂಪು ಪಟ್ಟಿ ಕಂಡರೆ ಸಂಕಟ. ಮದುವೆಗೆ ಸೀರೆ ಆರಿಸುವವರೂ ಇಷ್ಟು ಯೋಚಿಸಲಿಕ್ಕಿಲ್ಲ. ಕೊನೆಗೆ ತಲೆಕೆಟ್ಟು, ಯಾರೋ ‘ಇದೊಂದೇ ಸಾಕು’ ಅಂತ ಮಾಡಿದ್ದ ವೀಡಿಯೊ ನೋಡಿ ಅವನ ಬಂದೂಕನ್ನೇ ಸ್ಕ್ರೂ ಸಮೇತ ಕಾಪಿ ಹೊಡೆದೆ. ಮೈದಾನಕ್ಕೆ ಇಳಿದು ನೋಡಿದರೆ ನಮ್ಮ ತಂಡದ ಅರ್ಧಕ್ಕಿಂತ ಜಾಸ್ತಿ ಜನರ ಕೈಯಲ್ಲಿ ಅದೇ ಬಂದೂಕು. ಅವರೂ ಅದೇ ವೀಡಿಯೊ ನೋಡಿದ್ದಾರೆ, ಅಲ್ವಾ? ಬೇರೆ ಬೇರೆಯಾಗಿದ್ದದ್ದು ಹುಬ್ಬುಗಳು ಮಾತ್ರ.

ಅಂದಹಾಗೆ, ಬ್ಯಾಟಲ್‌ಫೀಲ್ಡ್ 2042ರಲ್ಲಿ 2023ರ ಜನವರಿಗೆ ಕ್ಲಾಸ್‌ಗಳು ವಾಪಸ್ ಬಂದವು. ಅವೇ ಸ್ಪೆಷಲಿಸ್ಟ್‌ಗಳನ್ನು ನಾಲ್ಕು ಬುಟ್ಟಿಗೆ ತುಂಬಿದರು. 2025ರ ಬ್ಯಾಟಲ್‌ಫೀಲ್ಡ್ 6 ಕೂಡ ನಾಲ್ಕು ಕ್ಲಾಸ್ ಹೊತ್ತೇ ಬಂತು. ಬಂದೂಕನ್ನು ಕ್ಲಾಸಿಗೆ ಕಟ್ಟಿಹಾಕಬೇಕೋ ಬೇಡವೋ ಅನ್ನೋ ಜಗಳ ಮಾತ್ರ ಹಾಗೇ ಇದೆ.

ನಾನಿನ್ನೂ ನೆಲದ ಮೇಲೇ ಇದ್ದೆ. ಸ್ನೈಪರ್ ಮಹಾಶಯ ಗುಂಡು ಹಾರಿಸಿದ, ಗುರಿ ತಪ್ಪಿತು, ಎದ್ದು ಹೋದ. ಗೊಂಬೆಯೂ ಹೋಯಿತು. ನನ್ನ ಟೈಮರ್ ಸೊನ್ನೆಗೆ ಬಂತು, ಪರದೆ ಕಪ್ಪಾಯಿತು. ಆಮೇಲೆ ಬಂಗಾರದ ಅಕ್ಷರಗಳಲ್ಲಿ ಒಂದು ಸಾಲು ಮೂಡಿತು: ಅಭಿನಂದನೆಗಳು, ಹೊಸ ಹುಬ್ಬು ಅನ್‌ಲಾಕ್ ಆಗಿದೆ.

ತಕ್ಷಣ ಹಾಕಿಕೊಂಡೆ. ಚೆನ್ನಾಗಿ ಒಪ್ಪುತ್ತದೆ.