ರೇಡಿಯೊ ಎಂದೂ ನಮ್ಮ ಹೆಸರು ಕೇಳಿರಲಿಲ್ಲ

ನಮ್ಮ ತಂದೆಯವರಿಗೆ 81 ವರ್ಷ. ಹಾವೇರಿ ಜಿಲ್ಲೆಯ ನಮ್ಮ ಊರಿನಲ್ಲಿ ಧಾರವಾಡ ಆಕಾಶವಾಣಿಯ ವಾರ್ತೆಯನ್ನು ಕೇಳದೆ ಅವರು ಒಂದು ದಿನ ಕಳೆದದ್ದನ್ನೂ ನಾನು ಕಾಣೆ. ಕಳೆದ ತಿಂಗಳು ಅವರ ಹಳೆಯ ರೇಡಿಯೊ ಕೆಟ್ಟುಹೋಯಿತು. ರಿಪೇರಿ ಮಾಡುವವರು ಸಿಗಲಿಲ್ಲ, ಧಾರವಾಡ ಕೇಂದ್ರವನ್ನು ಹಿಡಿಯುವ ಮೀಡಿಯಂ ವೇವ್ (ಎಫ್‌ಎಂಗಿಂತ ಹಳೆಯ ರೇಡಿಯೊ ಅಲೆ) ಇರುವ ಹೊಸ ಸೆಟ್ಟೂ ಸಿಗಲಿಲ್ಲ. ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರೆ ಎಲ್ಲ ಸ್ಟೇಷನ್ನುಗಳೂ ಬರುತ್ತವೆ ಎಂದು ಅಂಗಡಿಯವರು ಹೇಳಿದ ಮಾತನ್ನು ನಂಬಿ ಹಾಗೆಯೇ ಮಾಡಲು ಕುಳಿತೆ.

ಮೊದಲು ಖಾತೆ ತೆರೆಯಬೇಕಾಯಿತು: ಹೆಸರು, ಜನ್ಮದಿನಾಂಕ, ಮೊಬೈಲ್ ಸಂಖ್ಯೆ, ಒಟಿಪಿ. ಬಳಿಕ ಇಂಗ್ಲಿಷಿನಲ್ಲಿ ಮುಗಿಯದಷ್ಟು ಷರತ್ತುಗಳು. ಆಮೇಲೆ, ನೀವಿರುವ ಸ್ಥಳವನ್ನು ತಿಳಿಯಲು ಅನುಮತಿ ಕೊಡಿ ಎಂಬ ಕೋರಿಕೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದ ತಂದೆಯವರು ಕನ್ನಡಕ ಏರಿಸಿಕೊಂಡು ಪರದೆಯನ್ನು ದಿಟ್ಟಿಸಿ, "ಸುದ್ದಿ ಕೇಳಾಕ ನಾ ಹುಟ್ಟಿದ ತಾರೀಖು ಇವರಿಗ್ಯಾಕ ಬೇಕು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಇಷ್ಟೆಲ್ಲ ಒಪ್ಪಿಸಿದ ಮೇಲೆ, ಈ ಫೋನ್ ಹಳೆಯದು, ಹೊಸ ಆವೃತ್ತಿ ಇದರಲ್ಲಿ ನಡೆಯುವುದಿಲ್ಲ ಎಂಬ ಸಂದೇಶ ಬಂತು.

ಅಂದಿನಿಂದ ನನ್ನ ಸಿಟ್ಟು ಇಳಿದಿಲ್ಲ. ರೇಡಿಯೊ ಅಲೆ ಗೋಪುರದಿಂದ ಹೊರಟು ನಮ್ಮ ಮನೆಗೆ ಬರುತ್ತದೆಯೇ ಹೊರತು ನಮ್ಮ ಮನೆಯಿಂದ ಏನನ್ನೂ ಹೊತ್ತು ಹಿಂದಿರುಗುವುದಿಲ್ಲ. ಯಾರು ಕೇಳುತ್ತಿದ್ದಾರೆ ಎಂಬುದು ಪ್ರಸಾರ ಮಾಡುವವರಿಗೇ ತಿಳಿಯದು. 1975ರ ತುರ್ತುಪರಿಸ್ಥಿತಿಯಲ್ಲಿ ಆಕಾಶವಾಣಿ ಹೇಳದಿದ್ದ ಸುದ್ದಿಯನ್ನು ಜನ ಬಾಗಿಲು ಹಾಕಿಕೊಂಡು ದೂರದೇಶದಿಂದಲೂ ಬಂದು ತಲುಪುವ ಶಾರ್ಟ್ ವೇವ್ ಅಲೆಯ ಮೂಲಕ ಬಿಬಿಸಿಯಲ್ಲಿ ಕೇಳಲು ಸಾಧ್ಯವಾದದ್ದು ಈ ಕಾರಣದಿಂದಲೇ. ಅದೇ ದನಿ ಇಂಟರ್ನೆಟ್ಟಿನ ಮೂಲಕ ಬಂದಾಗ ಯಾವ ಫೋನು, ಎಷ್ಟು ಹೊತ್ತಿಗೆ, ಏನನ್ನು ಕೇಳಿತು ಎಂಬುದೆಲ್ಲ ಎಲ್ಲೋ ಒಂದು ಸರ್ವರಿನಲ್ಲಿ ದಾಖಲಾಗಬಲ್ಲದು. ಆ್ಯಪಿನ ಮೂಲಸಂಕೇತ, ಅಂದರೆ ಅದನ್ನು ಬರೆದ ಸೋರ್ಸ್ ಕೋಡ್, ಮುಚ್ಚಿಟ್ಟದ್ದಾದರೆ ಒಳಗೆ ನಡೆಯುವುದನ್ನು ಪರೀಕ್ಷಿಸುವ ದಾರಿಯೂ ನಮಗಿಲ್ಲ. ಗೂಗಲ್ ಅಥವಾ ಆ್ಯಪಲ್ ಎಂಬ ಎರಡು ವಿದೇಶಿ ಕಂಪನಿಗಳ ಆ್ಯಪ್ ಅಂಗಡಿಯಲ್ಲಿ ಖಾತೆ ಇಲ್ಲದ ಸಾಮಾನ್ಯ ಮನುಷ್ಯನಿಗೆ ಆ ಆ್ಯಪು ಕೈಗೆಟುಕುವುದೂ ಕಷ್ಟ.

ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪಿಗೆ ಕಾರಣರಾದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಸರ್ಕಾರದ ತಂತ್ರಾಂಶಗಳಲ್ಲಿ ಮುಕ್ತ ತಂತ್ರಾಂಶಕ್ಕೆ (ಮೂಲಸಂಕೇತವನ್ನು ಯಾರು ಬೇಕಾದರೂ ನೋಡಬಹುದಾದದ್ದಕ್ಕೆ) ಆದ್ಯತೆ ನೀಡಬೇಕೆಂಬ ನೀತಿಯನ್ನು ಕೇಂದ್ರವೇ 2015ರಲ್ಲಿ ಪ್ರಕಟಿಸಿತ್ತು. ಹೀಗಿದ್ದೂ, ಜನರ ವೈಯಕ್ತಿಕ ಮಾಹಿತಿಯನ್ನು ಕಾಯುವ 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಸರ್ಕಾರ ತನಗೆ ಬೇಕಾದ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅವಕಾಶ ಇಟ್ಟುಕೊಂಡಿದೆ. ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನು ತೆಗೆಯಬೇಡಿ ಎಂದು ಅದೇ ವರ್ಷ ತಯಾರಕರಿಗೆ ಹೋದದ್ದು ಬರೀ ಸಲಹೆ. ಖಾಸಗಿ ಎಫ್‌ಎಂ ಕೇಂದ್ರಗಳಿಗೆ ಸ್ವಂತ ಸುದ್ದಿ ಬಿತ್ತರಿಸುವ ಅನುಮತಿಯೇ ಇಲ್ಲದ ಈ ದೇಶದಲ್ಲಿ, ರೇಡಿಯೊ ಸುದ್ದಿಗೆ ಆಕಾಶವಾಣಿಯನ್ನೇ ನಂಬಿದ ಮುದುಕರು ಎಲ್ಲಿಗೆ ಹೋಗಬೇಕು?

ನಮ್ಮ ತೆರಿಗೆಯಿಂದ ನಡೆಯುವ ಪ್ರತಿಯೊಂದು ಕೇಂದ್ರದ ಪ್ರಸಾರವೂ ಖಾತೆ ಇಲ್ಲದೆ, ಯಾವ ಪ್ಲೇಯರಿನಲ್ಲಾದರೂ ತೆರೆದುಕೊಳ್ಳುವ ಮುಕ್ತ ರೂಪದಲ್ಲಿ ಸಿಗಬೇಕು. ಆ್ಯಪು ಬೇಕೇ ಬೇಕೆಂದಾದರೆ ಅದರ ಮೂಲಸಂಕೇತ ಜನರ ಮುಂದಿರಬೇಕು. ಮೀಡಿಯಂ ವೇವ್ ಪ್ರೇಷಕಗಳನ್ನು ಹಳೆಯದಾದವೆಂದು ಮುಚ್ಚುವ ಮೊದಲು, ಅದನ್ನೇ ನಂಬಿಕೊಂಡವರನ್ನು ಕೇಳಬೇಕು.

ತಂದೆಯವರು ಆ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಈ ಭಾನುವಾರ ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಮುತ್ತ ಹಳೆಯ ಮೀಡಿಯಂ ವೇವ್ ಸೆಟ್ಟೊಂದನ್ನು ಹುಡುಕಲು ಹೋಗುತ್ತಿದ್ದೇನೆ.